ಬೆನ್ನಿನ ನೀರು

ಬೆನ್ನಿನಿಂದ ನೀರು ತೆಗೆಯುವಾಗ ಮಗು ಅಲ್ಲಾಡಬಾರದು. ಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆಗೆ ಒತ್ತಿ, ತಲೆ ಬಗ್ಗಿಸಿ ಮುದುಡಿ ಹಿಡಿದುಕೊಳ್ಳಬೇಕು. ಆಗ ಬೆನ್ನುಮೂಳೆಯ ನಡುವೆ ಸೂಜಿ ಹೋಗಲು ಜಾಗ ಸಿಗುತ್ತದೆ. ನಮ್ಮ ಆಸ್ಪತ್ರೆಯಲ್ಲಿ ಹಾಗೆ ಹಿಡಿಯುವುದು ತಾಯಂದಿರ ಕೆಲಸ. ನರ್ಸುಗಳು ಹಿಡಿದರೆ ಮಕ್ಕಳು ಕಿರುಚಿ ಒದೆಯುತ್ತವೆ. ಅಮ್ಮ ಹಿಡಿದರೆ ಅತ್ತರೂ ಬೆನ್ನು ಕೊಡುತ್ತವೆ. ಈ ಉಪಾಯ ಹೊಳೆದದ್ದು ಪ್ರಸನ್ನಕುಮಾರ್ ಡಾಕ್ಟರಿಗೆ. ಬುದ್ಧಿವಂತರು.

ನಾನು ಅಲ್ಲಿ ಆಯಾ. ಅಪ್ಪ ಇಟ್ಟ ಹೆಸರು ಬಸವರಾಜೇಶ್ವರಿ. ಅಷ್ಟುದ್ದ ಕರೆಯಲು ಯಾರಿಗೆ ಪುರುಸೊತ್ತು? 'ಆಯಾ' ಅಂದರೆ ತಿರುಗುತ್ತೇನೆ. ಆಲ್ಕೊಳ ಸರ್ಕಲ್ಲಿನಿಂದ ಒಳಗೆ ಬಂದರೆ ಗಾಜಿನ ಬಾಗಿಲಿನ ಆಸ್ಪತ್ರೆ ಕಾಣುತ್ತದಲ್ಲ, ಅಲ್ಲೇ. ನೆಲ ಒರೆಸುತ್ತೇನೆ, ಹಾಸಿಗೆ ಬದಲಾಯಿಸುತ್ತೇನೆ. ಸೂಜಿಯ ದಿನ ಮಗುವಿನ ಕಾಲು ಹಿಡಿದುಕೊಳ್ಳುತ್ತೇನೆ.

ಸೀತಾ ಭದ್ರಾವತಿಯವಳು, ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಮಗಳು ಕವನಳಿಗೆ ಆರು ವರ್ಷ. ಹಾಲು ಕುಡಿಯುವ ಕೂಸಾಗಿದ್ದಾಗಲೇ ಫಿಟ್ಸ್ ಹಿಡಿಯಿತು. ಮೊದಲು ಎಡಗೈ ಅದುರುತ್ತದೆ, ಆಮೇಲೆ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ಇಡೀ ಮೈ ಮರದ ತುಂಡು. ಒಂದು ನಿಂತಿತು ಅನ್ನುವಷ್ಟರಲ್ಲಿ ಇನ್ನೊಂದು. ಯಾವ ಮಾತ್ರೆಗೂ ಬಗ್ಗದ ಕಾಯಿಲೆ. ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಕೊಡಬೇಕು ಅಂತ ಜನ ಹೇಳಿದರು. ಭದ್ರಾವತಿಯಲ್ಲಿ ಕಬ್ಬಿಣಕ್ಕೆ ಬರವೇ? ಮಾವ ಕಾರ್ಖಾನೆಯಲ್ಲಿದ್ದಾಗ ತಂದಿದ್ದ ದಪ್ಪ ನಟ್ಟೊಂದು ಯಾವಾಗಲೂ ಸೀತಾಳ ಸೆರಗಿನಲ್ಲಿರುತ್ತಿತ್ತು.

ಹೋದ ವರ್ಷ ಕಂಪನಿಯೊಂದರ ಹೊಸ ಔಷಧಿ ಬಂತು. ಇನ್ನೂ ಅಂಗಡಿಗೆ ಬಾರದ ಔಷಧಿ. ಡಾಕ್ಟರು ತಾಯಂದಿರನ್ನು ಕೂರಿಸಿಕೊಂಡು ಹೇಳಿದರು: ಇದು ಸ್ಟಡಿ. ಔಷಧಿ ಪುಕ್ಕಟೆ. ಆಗಾಗ ಬೆನ್ನಿನ ನೀರು ಸ್ವಲ್ಪ ಕೊಡಬೇಕು. ಔಷಧಿ ಮಿದುಳಿಗೆ ಮುಟ್ಟುತ್ತಿದೆಯೋ ಇಲ್ಲವೋ ಅಂತ ಆ ನೀರು ಹೇಳುತ್ತದೆ. ಇಂಗ್ಲಿಷಿನಲ್ಲಿ ಇನ್ನೂ ಏನೇನೋ ಹೇಳಿದರು. ತಾಯಂದಿರು ತಲೆಯಾಡಿಸಿದರು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ.

ಸುಳ್ಳು ಯಾಕೆ ಹೇಳಲಿ, ಔಷಧಿ ಕೆಲಸ ಮಾಡಿತು. ಮಳೆಗಾಲ ಮುಗಿಯುವ ಹೊತ್ತಿಗೆ ಕವನಳ ಫಿಟ್ಸ್ ನಿಂತೇಹೋಯಿತು. ನಡೆದಳು. ಮಾತು ಬಂತು. ನನ್ನ ಹತ್ತಿರ ಅವಳು ಆಡಿದ ಮೊದಲ ಮಾತು ಆ ಸೂಜಿ ಕೋಣೆಯಲ್ಲೇ.

"ಕಾಲು ಬಿಡು" ಅಂದಳು.

ನಾನು ನಕ್ಕೆ. ಆದರೆ ಬಿಡಲಿಲ್ಲ. ಸೀತಾ ಅಂದೇ ಮನೆಗೆ ಹೋಗಿ ನಟ್ಟನ್ನು ಗುಜರಿಗೆ ಹಾಕಿದಳಂತೆ.

ಕಳೆದ ಸೋಮವಾರ ಮತ್ತೆ ಸೂಜಿಯ ದಿನ. ಐದು ಜನ ತಾಯಂದಿರು ಬೆಂಚಿನ ಮೇಲೆ, ಮಡಿಲಲ್ಲಿ ಮಕ್ಕಳು. ಕಂಪನಿಯ ವಿಷ್ಣು ಅನ್ನುವವನು ಬೆಂಗಳೂರಿನಿಂದ ಐಸ್ ಪೆಟ್ಟಿಗೆ ತಂದಿದ್ದ. ಪೆಟ್ಟಿಗೆಯ ಒಂದು ಕಡೆ ಬೆನ್ನಿನ ನೀರಿನ ಟ್ಯೂಬುಗಳಿಗೆ ಜಾಗ, ಇನ್ನೊಂದು ಕಡೆ ಸೀಸೆಗಳಿಗೆ. ಮನೆಯಲ್ಲಿರುವ ಎಲ್ಲ ಸೀಸೆಗಳನ್ನೂ ತನ್ನಿ ಅಂತ ಮೊದಲೇ ಫೋನ್ ಮಾಡಿದ್ದರು. ಖಾಲಿ ಸಿಲಿಂಡರ್ ಕೊಟ್ಟರೆ ತುಂಬಿದ್ದು ಕೊಡುವುದಿಲ್ಲವೇ? ಇದೂ ಹಾಗೇ ಅಂದುಕೊಂಡರು ತಾಯಂದಿರು. ಸೀತಾ ಅರ್ಧ ಔಷಧಿ ಇದ್ದ ಸೀಸೆಯನ್ನೇ ಕೊಟ್ಟುಬಿಟ್ಟಳು. ವಿಷ್ಣು ನಗುನಗುತ್ತಾ ತೆಗೆದುಕೊಂಡು ಪೆಟ್ಟಿಗೆಯೊಳಗಿಟ್ಟ.

ಆಗ ಹೊಳೆಹೊನ್ನೂರಿನ ಶಕುಂತಲಮ್ಮ ಬಂದರು. ಅವರ ಮೊಮ್ಮಗಳು ಅಮೂಲ್ಯ ಮೊದಲ ತಂಡದವಳು. ಅವಳ ಕೊನೆಯ ಸೂಜಿ ಹೋದ ತಿಂಗಳೇ ಆಗಿತ್ತು. ಮುದುಕಿ ಒಬ್ಬರೇ ಬಂದಿದ್ದರು. ಸೊಂಟದಿಂದ ಸೀಸೆ ತೆಗೆದು ವಿಷ್ಣುವಿನ ಮುಂದೆ ಹಿಡಿದರು.

"ತಗೊಳಪ್ಪ ನಿನ್ ಸೀಸೆ. ದಿನಾ ಫೋನ್ ಮಾಡಿ ಜೀವ ತಿಂತಿದ್ಯಲ್ಲ."

"ಥ್ಯಾಂಕ್ಸ್ ಅಜ್ಜಿ. ಅಮೂಲ್ಯ ಹೇಗಿದಾಳೆ?"

"ಮಣ್ಣು ಮಾಡಿದ್ವಿ."

ವಿಷ್ಣುವಿನ ಕೈ ಸೀಸೆಯ ಮೇಲೇ ನಿಂತಿತು. ಬೆಂಚಿನ ಮೇಲಿದ್ದ ಸೀತಾ ಎದ್ದಳು.

"ಏನಾಯ್ತಮ್ಮಾ?"

"ಸ್ಟಡಿ ಮುಗೀತು, ಔಷಧಿ ನಿಲ್ಸಿ ಅಂದ್ರು ಕಣೇ. ನಿಲ್ಸಿದ್ವಿ. ವಾರಕ್ಕೆಲ್ಲ ಫಿಟ್ಸ್ ಬಂತು. ಬಂದಿದ್ದು ನಿಲ್ಲಲೇ ಇಲ್ಲ. ಇಲ್ಲಿಗೆ ಕರ್ಕೊಂಡ್ ಬರೋವಾಗ ಆಂಬುಲೆನ್ಸಲ್ಲೇ ಹೋಯ್ತು ಕೂಸು." ಮುದುಕಿ ಸೀಸೆ ಅಲ್ಲಾಡಿಸಿದರು. ತಳದಲ್ಲಿ ಔಷಧಿ ತುಳುಕಿತು. "ನೋಡು, ಇನ್ನೂ ಇದೆ. ದೊಡ್ಡೋರು ಹೇಳಿದಾರೆ ಅಂತ ಮುಚ್ಚಳ ತೆಗೀಲಿಲ್ಲ. ಔಷಧಿ ಮನೇಲಿ ಇದ್ದಂಗೇ ಮಗು ಹೋಯ್ತು." ಆಮೇಲೆ ಕವನಳನ್ನು ನೋಡಿ ಕೇಳಿದರು: "ನಿಮ್ದೂ ಇವತ್ತೇ ಮುಗಿಯೋದಾ?"

ಸೀತಾ ವಿಷ್ಣುವಿನ ಕಡೆ ತಿರುಗಿದಳು.

"ಹೊಸ ಸೀಸೆ ಎಲ್ಲಿ ಸಾರ್?" ಸೀತಾ ಕೇಳಿದಳು.

"ಹೊಸದಿಲ್ಲಮ್ಮ. ಡಾಕ್ಟ್ರು ಹಳೇ ಮಾತ್ರೆ ಬರೀತಾರೆ."

"ಹಳೇದಕ್ಕೆ ಬಗ್ಗೋ ಹಂಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ವಿ? ನಮ್ ಸೀಸೆ ವಾಪಸ್ ಕೊಡಿ. ಅರ್ಧ ಇದೆ."

"ಅದು ಕಂಪನಿದು. ವಾಪಸ್ ಹೋಗ್ಬೇಕು."

"ಹೋಗಿ?"

"ಸುಡ್ತಾರೆ. ರೂಲ್ಸ್ ಅಮ್ಮ, ನಾನೇನ್ ಮಾಡ್ಲಿ?"

ಅಷ್ಟರಲ್ಲಿ ಒಳಗಿನಿಂದ ಡಾಕ್ಟರು ಕೂಗಿದರು. ಸೀತಾ ಕವನಳನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಹಿಂದೆ. ಮಗುವನ್ನು ಮಲಗಿಸಿದೆವು. ಅಭ್ಯಾಸಬಲ, ನನ್ನ ಕೈ ತಾನಾಗಿ ಕಾಲು ಹಿಡಿಯಿತು.

"ಬಗ್ಗಿಸಮ್ಮ, ಇದೇ ಕೊನೇದು" ಅಂದರು ಡಾಕ್ಟರು, ಗ್ಲೌಸ್ ಎಳೆದುಕೊಳ್ಳುತ್ತಾ.

ಸೀತಾ ಬಗ್ಗಿಸಲಿಲ್ಲ. "ಔಷಧಿ ನಿಂತ್ರೆ ಇವಳಿಗೂ ಅಮೂಲ್ಯನ ಥರಾನೇ ಆಗುತ್ತಾ ಡಾಕ್ಟ್ರೇ?"

"ಎಲ್ಲರಿಗೂ ಹಾಗಾಗಲ್ಲ."

"ಇವಳಿಗೆ?"

"ಹೇಳಕ್ಕಾಗಲ್ಲಮ್ಮ."

"ಹೇಳಕ್ಕಾಗಲ್ಲ ಅಂದ್ಮೇಲೆ ನಿಲ್ಸೋದ್ಯಾಕೆ?"

"ನನ್ ಕೈಲಿಲ್ಲ. ನಾನೂ ಕೇಳ್ದೆ. ಕಂಪನಿ ಒಪ್ಲಿಲ್ಲ." ಡಾಕ್ಟರು ನಿಜವಾಗಿಯೂ ಕೇಳಿರಬಹುದು. ಕೆಟ್ಟವರಲ್ಲ ಅವರು. ಆದರೆ ಒಪ್ಪಲಿಲ್ಲ ಅಂದ ಮೇಲೂ ಸೂಜಿ ಹಿಡಿದು ನಿಂತಿದ್ದರು.

"ಈ ನೀರು ಕಂಪನಿಗೆ ಬೇಕೇಬೇಕಾ?"

"ಬೇಕೇಬೇಕು. ಕೊನೇ ಸ್ಯಾಂಪಲ್ ಇಲ್ದಿದ್ರೆ ಇಷ್ಟು ದಿನ ತೆಗೆದಿದ್ದೆಲ್ಲ ವೇಸ್ಟು."

ಆ ಮಾತು ಬಾಯಿ ಜಾರಿ ಬಂತು. ಸೀತಾ ಮಗಳ ಕತ್ತಿನಿಂದ ಒಂದು ಕೈ, ಮೊಣಕಾಲಿನಿಂದ ಇನ್ನೊಂದು ಕೈ ತೆಗೆದಳು.

"ಹಂಗಾದ್ರೆ ನಾನು ಹಿಡಿಯಲ್ಲ."

"ಏ, ಹುಡುಗಾಟ ಆಡ್ಬೇಡ. ಆಯಾ, ನೀನು ಹಿಡ್ಕೊ ಬಾ."

ಕವನ ತಲೆಯೆತ್ತಿ ನನ್ನನ್ನು ನೋಡಿದಳು. "ಕಾಲು ಬಿಡು" ಅಂದಳು.

ಬಿಟ್ಟೆ.

"ಕೆಲಸ ಬೇಡ್ವಾ ನಿಂಗೆ?" ಡಾಕ್ಟರು ಕೇಳಿದರು.

"ಬೇಕು ಸಾರ್. ಆದ್ರೂ ಹಿಡಿಯಲ್ಲ."

ಎಲ್ಲಿಂದ ಬಂತೋ ಆ ಧೈರ್ಯ.

ಡಾಕ್ಟರು ಹೊರಗೆ ಬಂದು ಇನ್ನೊಬ್ಬ ತಾಯಿಯನ್ನು ಕರೆದರು. ಅವಳು ಏಳಲಿಲ್ಲ. ಪಕ್ಕದವಳೂ ಏಳಲಿಲ್ಲ. ಸೀತಾ ಕವನಳನ್ನು ಎತ್ತಿಕೊಂಡು ಹೊರಗೆ ಬಂದಳು, ಹಿಂದೆ ನಾನೂ ಬಂದೆ. ಮಕ್ಕಳ ಬೆನ್ನನ್ನು ಗೋಡೆಗೆ ಆನಿಸಿಕೊಂಡು ಐದು ಜನವೂ ನೆಲದ ಮೇಲೆ ಕೂತುಬಿಟ್ಟರು. ವಿಷ್ಣು ಪೆಟ್ಟಿಗೆ ಎತ್ತಿಕೊಳ್ಳಲು ಹೋದ. ಅಷ್ಟರಲ್ಲಿ ಶಕುಂತಲಮ್ಮ ಅದರ ಮೇಲೆ ಕೂತಾಗಿತ್ತು.

"ಏಳಿ ಅಜ್ಜಿ, ಐಸ್ ಕರಗುತ್ತೆ."

"ಕರಗ್ಲಿ ಮಾರಾಯ. ನನ್ ಕೂಸೇ ಕರಗಿಹೋಯ್ತು."

ಸೆಕ್ಯುರಿಟಿಯವನು ಬಂದ. ಮುದುಕಿಯನ್ನು ನೋಡಿ, ಮಕ್ಕಳನ್ನು ನೋಡಿ, ಬಾಗಿಲಿಗೇ ವಾಪಸ್ ಹೋದ. ವಿಷ್ಣು ಬೆಂಗಳೂರಿಗೆ ಫೋನ್ ಹಚ್ಚಿದ. ಅಲ್ಲಿಯವರು ಇನ್ನೆಲ್ಲಿಗೋ ಹಚ್ಚಬೇಕಂತೆ. ಔಷಧಿಯ ಹೊತ್ತು ಬಂತು. ಶಕುಂತಲಮ್ಮ ತಾವೇ ಎದ್ದು ಪೆಟ್ಟಿಗೆ ತೆರೆದು, ಅವರವರ ಸೀಸೆ ಅವರವರಿಗೆ ಕೊಟ್ಟರು. ಯಾರೂ ತಡೆಯಲಿಲ್ಲ. ಅಮೂಲ್ಯಳ ಸೀಸೆಯನ್ನು ಸೀತಾಳ ಕೈಗಿಟ್ಟು ಮತ್ತೆ ಪೆಟ್ಟಿಗೆಯ ಮೇಲೆ ಕೂತರು.

"ಇದನ್ನೂ ಇವಳಿಗೇ ಹಾಕು. ಇದ್ದೂ ಇಲ್ಲದಂಗೆ ಮಾಡ್ಬೇಡ, ನನ್ ಥರ."

ಸಂಜೆಯಾಯಿತು. ಫೋನ್ ಬರಲಿಲ್ಲ. ಪೆಟ್ಟಿಗೆಯಿಂದ ನೀರು ಸೋರಿ ನಾನು ಬೆಳಿಗ್ಗೆ ಒರೆಸಿದ ನೆಲದ ಮೇಲೆ ಹರಿಯಿತು. ನಾನು ಒರೆಸಲು ಏಳಲಿಲ್ಲ. ಕವನ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅವಳ ಎಡಗೈ ಅದುರುತ್ತಿದೆಯೇ ಅಂತ ಎಲ್ಲರ ಕಣ್ಣೂ ಆ ಕೈಯ ಮೇಲೇ.

ಸೀತಾ ಎರಡೂ ಸೀಸೆಗಳನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು.

"ಗುರುವಾರದವರೆಗೆ ಆಗುತ್ತೆ" ಅಂದಳು.

"ಆಮೇಲೆ?" ಕೇಳಿದೆ.

"ಗುರುವಾರನೂ ಇಲ್ಲೇ ಇರ್ತೀವಲ್ಲ ಅಕ್ಕ. ಇವರ ಕಣ್ಮುಂದೇನೇ ಖಾಲಿಯಾಗ್ಲಿ."