ದಾನವ್ವನನ್ನು ಕೂಡಿಸಿದ್ದು

"ಇನ್ನೊಂದೀಟು ಒತ್ರೋ, ಮೊಳಕಾಲು ಮಡಚತೈತಿ," ಎಂದು ದ್ಯಾಮಣ್ಣ ಬಾಗಿಲಲ್ಲಿ ನಿಂತೇ ಅಪ್ಪಣೆ ಕೊಡುತ್ತಿದ್ದ. ಒಳಗೆ ಅವನ ತಮ್ಮಂದಿರಿಬ್ಬರು ಅತ್ತಿಗೆ ದಾನವ್ವನ ಹೆಣದ ಕಾಲು ಹಿಡಿದು ಬೆವರುತ್ತಿದ್ದರು. ಅವರ ಜನದಲ್ಲಿ ಸತ್ತವರನ್ನು ಪದ್ಮಾಸನದಲ್ಲಿ ಕೂಡಿಸಿಯೇ ಮಣ್ಣು ಮಾಡಬೇಕು. ಜೀವ ಹೋದ ಕೂಡಲೇ ಕೂಡಿಸಿದ್ದರೆ ಇಷ್ಟು ಪಾಡು ಬರುತ್ತಿರಲಿಲ್ಲ. ಆದರೆ ಬೆಳಿಗ್ಗೆ ಹೆಂಡತಿ ಏಳದಿದ್ದಾಗ ಅರಳೆ ವ್ಯಾಪಾರಿ ದ್ಯಾಮಣ್ಣ ಪಡಸಾಲೆಯಿಂದಲೇ, "ಸೋಗು ಸಾಕು, ಚಹಾ ತಾ" ಎಂದು ಕೂಗಿದ್ದ. ಚಹಾ ಬರಲಿಲ್ಲವೆಂದು ಸಿಟ್ಟಾಗಿ, ಗಾಂಧಿ ಟೋಪಿ ಏರಿಸಿ ಪೇಟೆಗೆ ಹೋಗಿಬಿಟ್ಟಿದ್ದ. ಮಧ್ಯಾಹ್ನ ಊಟಕ್ಕೆ ಬಂದು ನೋಡುವಷ್ಟರಲ್ಲಿ ಆಕೆ ಮಲಗಿದಲ್ಲೇ ಸೆಟೆದುಹೋಗಿದ್ದಳು.

"ಸಾವಕಾರ್ರ, ಆಕಿನ್ನ ಮಲಗಿಸೇ ಮಣ್ಣು ಮಾಡ್ರಿ," ಎಂದಳು ನೆರೆಮನೆಯ ಮಾಬೂಬಿ. "ಸತ್ತ ಮ್ಯಾಲರ ನನ್ನ ಕೂಡಿಸಬ್ಯಾಡ್ರಿ ಅಂತ ನನ್ನ ಕೈ ಹಿಡದು ಹೇಳ್ಯಾಳ."

"ಮಲಗಿಸೂದು ನಿಮ್ಮ ಮಂದಿ ರೀತಿ, ಮಾಬೂಬಿ. ನಾಕು ಮಂದಿ ನನಗೇನಂತಾರ?"

*

ರೊಟ್ಟಿ ಬಡಿಯಲು ಕುಳಿತಿದ್ದ ದಾನವ್ವ ಒಂದು ದಿನ ಏಳಲಾರದೆ ಹೋಗಿದ್ದಳು. ಸೊಂಟದಲ್ಲಿ ಹಿಡಿದ ನೋವು ಎಡ ಕುಂಡಿಗಿಳಿದು ಹಿಮ್ಮಡದವರೆಗೆ ಉರಿಯುತ್ತಿತ್ತು. ಬೆಂಗೇರಿಯ ಆ ಓಣಿಯಲ್ಲಿ ವೈದ್ಯರಿಗೇನು ಬರ? ವಾಯು ಎಂದರು, ಉಳುಕು ಎಂದರು, ತಂಪು ನೆಲದ ಮೇಲೆ ಮಲಗಿದ್ದಕ್ಕೆ ಎಂದರು. ಸತ್ತ ಅತ್ತೆಯ ಶಾಪ ಎಂದವರೂ ಇದ್ದರು. ಧಾರವಾಡದ ಡಾಕ್ಟರೊಬ್ಬರು ಮಾತ್ರ ಕಾಲೆತ್ತಿ ನೋಡಿ, "ಬೆನ್ನೆಲುಬಿನ ಸಂದ್ಯಾಗ ನರ ಸಿಕ್ಕೊಂಡೈತ್ರಿ. ಕೂಡಬಾರದು, ಭಾರ ಎತ್ತಬಾರದು. ಸ್ವಲ್ಪ ದಿನ ಮಲಗಲಿ," ಎಂದರು.

"ಮಲಗೂದ ಔಷಧ ಅಂದ್ರ ನಮ್ಮನಿ ಬೆಕ್ಕಿಗೂ ಸೊಂಟಬ್ಯಾನಿ ಬಂದೀತು," ಎಂದು ದ್ಯಾಮಣ್ಣ ಟಾಂಗಾದಲ್ಲಿ ಬರುವಾಗ ನಕ್ಕ. ಮರುದಿನವೇ ದಾನವ್ವ ಹಲ್ಲು ಕಚ್ಚಿ ರೊಟ್ಟಿಗೆ ಕುಳಿತಳು. ತಾನು ಉಣ್ಣುವಾಗ ಮಾತ್ರ ಗೋಡೆಗೊರಗಿ ನಿಂತು ಉಣ್ಣುತ್ತಿದ್ದಳು. "ನಮ್ಮನಿ ಕುದುರಿ ನಿಂತಽ ತಿಂತೈತಿ," ಎಂದು ಅವನು ಬಂದವರೆದುರು ಹಾಸ್ಯ ಮಾಡುವನು. ಬಂದವರು ಆಕೆಯೇ ಬಡಿದ ರೊಟ್ಟಿ ಮುರಿಯುತ್ತ ನಗುವರು. ಇಂಥವರ ಬಾಯಲ್ಲಿ ಹುಳ ಬೀಳಬೇಕು. ಬೀಳಲಿಲ್ಲ, ತುಪ್ಪವೇ ಬಿತ್ತು.

*

ಕೊನೆಗೆ ಮೊಳಕಾಲು ಲಟಕ್ಕೆಂದಿತು. ಮಾಬೂಬಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬೆನ್ನಿಗೆ ಹಲಗೆ ಕೊಟ್ಟು ಬಟ್ಟೆಯಿಂದ ಬಿಗಿದು, ವಿಭೂತಿ ಹಚ್ಚಿ, ಹೂವೇರಿಸಿ ಕೂಡಿಸಿದರು. ದ್ಯಾಮಣ್ಣ ಆಗ ಒಳಗೆ ಬಂದು, ಪೇಟೆಗೆ ಬಂದ ಅರಳೆಯ ಅಂಡಿಗೆ ಪರೀಕ್ಷಿಸುವಂತೆ ತಲೆಯಿಂದ ಕಾಲತನಕ ನೋಡಿದ.

"ನೋಡ್ರಿ, ಎಷ್ಟ ಛಲೋ ಕುಂತಾಳ," ಎಂದ, ನೆರೆದವರಿಗೆಲ್ಲ ಕೇಳುವಂತೆ. "ಕೂಡಾಕ ಬರತಿತ್ತು ಆಕಿಗೆ."

ಕೆಲವರು ಹೌದೆಂದು ತಲೆ ಆಡಿಸಿದರು.

ಭಜನೆಯವರ ಹಿಂದೆ, ಹೆಣ ಕೂಡಿಸಿದ ವಿಮಾನವನ್ನು ಹೆಗಲ ಮೇಲೆ ಹೊತ್ತು ಹೊರಟರು. ಓಣಿ ದಾಟುವ ಮೊದಲೇ ದಾನವ್ವ ಬಲಕ್ಕೆ ವಾಲಿದಳು, ಎಡಗಡೆ ಭಾರ ಬೀಳದ ಹಾಗೆ. ಹೊತ್ತವರು ನಿಂತು ನೆಟ್ಟಗೆ ಮಾಡಿದರು. ಮತ್ತೆ ವಾಲಿದಳು. ಕಡೆಗೆ ದ್ಯಾಮಣ್ಣನೇ ಪಕ್ಕಕ್ಕೆ ಬಂದು, ಆಕೆಯ ಭುಜಕ್ಕೆ ಅಂಗೈ ಕೊಟ್ಟು ಎಡಕ್ಕೆ ಒತ್ತಿ ಹಿಡಿದ. ತೋಡಿಟ್ಟ ಕುಣಿ ಬರುವವರೆಗೂ ಹಾಗೇ ಒತ್ತುತ್ತ ನಡೆದ.