ಕೆಳಗಿನ ಮನೆಯವರು

ಮೆಟ್ಟಿಲಿನ ತಿರುವಿನಲ್ಲಿ ಚಟ್ಟ ಸಿಕ್ಕಿಕೊಂಡಿತು. ಕಾಲಿನ ಕಡೆ ಹಿಡಿದಿದ್ದ ಮಹಿಬೂಬ ತನ್ನ ತುದಿಯನ್ನು ತಲೆಯ ಮೇಲಕ್ಕೆತ್ತಿ ಗೋಡೆಗೆ ಒರಗಿದ.

"ನೀ ಬಿಡಪಾ, ನಮ್ಮವರು ಹಿಡೀತಾರ," ಎಂದರು ಕಟ್ಟಡದ ಸೊಸಾಯಿಟಿಯ ಅಧ್ಯಕ್ಷ ರತ್ನಾಕರರಾಯರು. ಬ್ಯಾಂಕಿನ ಕೆಲಸಕ್ಕೆ ಧಾರವಾಡದಿಂದ ನಾಶಿಕಕ್ಕೆ ಬಂದು ಇಲ್ಲೇ ಉಳಿದವರು.

"ಬಿಟ್ರ ಅವ್ವಾರು ಬೀಳ್ತಾರ್ರಿ."

ಕೆಳಗೆ ಜಲಜಾಕ್ಷಮ್ಮನನ್ನು ವ್ಯಾನಿಗೆ ಏರಿಸುತ್ತಿರುವಾಗ ರಾಯರು ಆಕೆಯ ಮಗ ವರುಣನನ್ನು ಪಕ್ಕಕ್ಕೆ ಕರೆದರು.

"ಈ ಹೊತ್ತಿನ್ಯಾಗ ಹೇಳಬಾರದು. ಆದ್ರ ನೀ ವಾಪಸ್ ಸಂಭಾಜಿನಗರಕ್ಕ ಹೊಂಟ್ಬಿಡ್ತಿ. ಈ ಮಹಿಬೂಬನ ಮನಿ ಖಾಲಿ ಮಾಡಿಸಿ ಹೋಗು. ಅಮ್ಮ ಇರೋತನಕ ನಾವೇನೂ ಅನ್ನಲಿಲ್ಲ."

"ನೋಡುವ," ಎಂದ ವರುಣ. ರಾತ್ರಿಯೆಲ್ಲ ನಿದ್ದೆಯಿರಲಿಲ್ಲ.

ಕೆಳಗಿನ ಮನೆಯ ಬಾಗಿಲಲ್ಲಿ ನಿಂತಿದ್ದ ಮಹಿಬೂಬನ ಹೆಂಡತಿ ಜೈತುನಬಿಗೆ ಅದು ಕೇಳಿಸಿತು. ವರುಣನ ಹೆಂಡತಿ ಹರ್ಷಿಣಿ ತಾನೂ ಬರುತ್ತೇನೆಂದು ಹಟ ಹಿಡಿದು ವ್ಯಾನು ಹತ್ತಿದ್ದಳು. ನೆರೆಯ ಹೆಂಗಸರು ಸ್ನಾನಕ್ಕೆಂದು ತಂತಮ್ಮ ಮನೆಗೆ ಹೋದರು. ಸತ್ತವರ ದೀಪ ಉರಿಯುವ ಮನೆಯನ್ನು ಒಂಟಿಯಾಗಿ ಬಿಡುವಂತಿಲ್ಲ. ಜೈತುನಬಿ ಸೆರಗು ಹೊದ್ದು ಮೇಲೆ ಹತ್ತಿದಳು.

*

ಐದು ವರ್ಷದ ಹಿಂದೆ ಇದೇ ಕಟ್ಟಡದ ತಾರಸಿಯಲ್ಲಿ ಸಭೆ ಸೇರಿತ್ತು. ಬಾಡಿಗೆಗೆ ಬರುವವರ ಹೆಸರನ್ನು ಸಮಿತಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ನಿಯಮ ತರುವುದು ರಾಯರ ಯೋಚನೆ. ಅಂಬಡಿನ ಕಾರ್ಖಾನೆಯಲ್ಲಿ ದುಡಿಯುವ, ವಿಜಯಪುರದ ಕಡೆಯ ಮಹಿಬೂಬ ಆಗಷ್ಟೇ ಜಲಜಾಕ್ಷಮ್ಮನ ಕೆಳಗಿನ ಮನೆ ಕೇಳಿದ್ದ. ಬೇರೆ ಕಡೆ ಫೋನಿನಲ್ಲಿ ಖಾಲಿಯಿದ್ದ ಮನೆಗಳು ಅವನು ಹೆಸರು ಹೇಳುತ್ತಲೇ ಭರ್ತಿಯಾಗುತ್ತಿದ್ದವು.

ಗಂಡನೊಂದಿಗೆ ಪಂಚವಟಿಯಲ್ಲಿ ಹೋಟೆಲು ನಡೆಸಿದ ಜಲಜಾಕ್ಷಮ್ಮ ಎದ್ದು ನಿಂತರು.

"ಹೆಸರು ಕೇಳಿ ತಟ್ಟೆ ಇಟ್ಟವಳಲ್ಲ ನಾನು. ಈ ನಿಯಮ ಬರೆದರೆ ಸಹಕಾರ ಇಲಾಖೆಗೆ ದೂರು ಕೊಡ್ತೇನೆ, ರಾಯರೇ."

"ಇದು ಸಸ್ಯಾಹಾರಿಗಳ ಕಟ್ಟಡ ಅದರೀ, ಅಮ್ಮಾ."

"ನನ್ನ ಮಗ ಆಮ್ಲೆಟ್ ಕಲಿತದ್ದು ನಿಮ್ಮ ಮಗನ ಜೊತೆಗೇ ಅಲ್ವಾ?"

ಎಲ್ಲರೂ ನಕ್ಕರು. ನಿಯಮ ಅಲ್ಲಿಗೇ ಬಿದ್ದುಹೋಯಿತು. ಜೈತುನಬಿ ಸಾಮಾನು ಇಳಿಸಿದ ದಿನ ಜಲಜಾಕ್ಷಮ್ಮ ಚಹಾ ತಂದು, ಹೋಗಿಬರುವವರಿಗೆಲ್ಲ ಕಾಣುವಂತೆ, ಅವಳ ಜೊತೆ ಮೆಟ್ಟಿಲ ಮೇಲೆ ಕೂತು ಕುಡಿದರು.

*

ಗೋದಾವರಿಯ ದಂಡೆಯಲ್ಲಿ ಚಿತೆ ಹೊತ್ತಿಕೊಂಡ ಮೇಲೆ ಮಹಿಬೂಬ ವರುಣನ ಬಳಿ ಬಂದ.

"ಜೈತುನ ಫೋನ್ ಮಾಡಿ ರಾಯರ ಮಾತು ಹೇಳಿದ್ಲ್ರಿ. ಮಗಳ ಪರೀಕ್ಷೆ ಮುಗಿಯೋತನಕ ಇರಾಕ ಬಿಡ್ರಿ, ಸಾಹೇಬ್ರ. ಆಮ್ಯಾಗ ಎಲ್ಲ್ಯಾರ ಹುಡುಕ್ತೀನಿ."

ವರುಣ ಹೊಗೆಯ ಕಡೆ ನೋಡುತ್ತ ನಿಂತ.

ಮಸಣದಿಂದ ಬಂದವರು ದೀಪ ನೋಡಿಯೇ ತಮ್ಮ ಮನೆಗೆ ಹೋಗಬೇಕು. ಕಾಲಿಗೆ ನೀರಿಲ್ಲದೆ ಹೊಸ್ತಿಲು ದಾಟುವಂತಿಲ್ಲ. ಎಲ್ಲರೂ ಮೇಲೆ ಬಂದಾಗ ಬಾಗಿಲ ಹೊರಗೆ ಬಕೆಟ್ಟು ತುಂಬಿತ್ತು. ನೆಲ ಒರೆಸಿತ್ತು. ಜೈತುನಬಿ ತಂಬಿಗೆ ಹಿಡಿದು ನಿಂತಿದ್ದಳು.

ರಾಯರು ಸುತ್ತ ನೋಡಿದರು; ನೆರೆಯ ಹೆಂಗಸರು ಯಾರೂ ಇನ್ನೂ ಬಂದಿರಲಿಲ್ಲ. ಹರ್ಷಿಣಿ ತಂಬಿಗೆಗೆ ಕೈ ಚಾಚಿದಳು.

"ನೀ ಮುಟ್ಟಬ್ಯಾಡವಾ, ಸೂತಕದಾಕಿ," ಎಂದುಬಿಟ್ಟರು ರಾಯರೇ. "ಮಸಣಕ್ಕ ಬರದ ಹೊರಗಿನವರು ಕೊಡಬೇಕು."

ವರುಣ ಮುಂದೆ ಬಂದು ಕಾಲೊಡ್ಡಿದ.

"ಹೊರಗಿನವರು ಇವರೊಬ್ಬರೇ ಇರುವುದು, ರಾಯರೇ," ಎಂದ. ಮತ್ತೆ ಅವಳ ಕಡೆ ತಿರುಗಿ, "ಜೈತುನಕ್ಕ, ನಾವು ಊರಿಗೆ ಹೋದ ಮೇಲೆ ಈ ಮನೆಯನ್ನೂ ನೀವೇ ನೋಡಿಕೊಳ್ಳಬೇಕು. ಕೆಳಗೇ ಇರ್ತೀರಲ್ಲ."

ಜೈತುನಬಿ ತಲೆಯಾಡಿಸಿದಳು. ತಂಬಿಗೆ ತುಂಬಿಕೊಂಡು ರಾಯರಿಗಾಗಿ ಕಾದಳು.

ಅವರು ಒಳಗಿನ ದೀಪದ ಕಡೆ ನೋಡಿದರು. ಕಡೆಗೆ ಪ್ಯಾಂಟು ಸ್ವಲ್ಪ ಮೇಲೆಳೆದುಕೊಂಡರು. ಬೆರಳ ಸಂದಿನ ಬೂದಿ ಕರಗಿ ನೀರು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯಿತು.

"ಇನ್ನೊಂದು ಕಾಲು, ಕಾಕಾ," ಎಂದಳು ಜೈತುನಬಿ.

ಅವರು ಗೋಡೆ ಹಿಡಿದುಕೊಂಡು ಇನ್ನೊಂದು ಕಾಲನ್ನೂ ಮುಂದಿಟ್ಟರು.