ಹೊರಡುವ ಪೆಟ್ಟು

ಹೆಡಿಗೆ ಹೆಣೆಯುವ ಬೀಳು ಎಂಬ ಕಾಡುಬಳ್ಳಿ ತರಲು ವನಜ ಈಗ ವಂಡ್ಸೆಯ ಕಡೆಯ ಕಾಡಿಗೆ ಹೋಗಬೇಕು. ಹೋಗುವಾಗ ಬಸ್ಸು, ಬರುವಾಗ ನಡಿಗೆ. ಹಸಿ ಬೀಳಿನ ಹೊರೆ ಕಂಡರೆ ಕಂಡಕ್ಟರ್ ಬಾಗಿಲಲ್ಲೇ ಕೈ ಅಡ್ಡ ಹಿಡಿಯುತ್ತಾನೆ. ತಲೆಯ ಮೇಲೆ ಭಾರ, ಮೊಣಕೈವರೆಗೂ ಮುಳ್ಳು ಗೀರಿದ ಗಾಯ, ಮನೆ ಮುಟ್ಟುವಾಗ ಕುತ್ತಿಗೆ ಅವಳದಾಗಿ ಉಳಿದಿರುವುದಿಲ್ಲ. ಹಾಗಂತ ಅವಳ ಊರು ಹೆಮ್ಮಾಡಿಯಲ್ಲಿ ಬೀಳು ಇಲ್ಲವೆಂದಲ್ಲ. ಅವಳ ಮನೆಯೆದುರಿನ ಹಾಡಿಯ ಮರಗಳ ನಡುವೆಯೇ ಬೇಕಾದಷ್ಟಿದೆ. ಆ ಹಾಡಿಗೆ ಈಗ ಕಲ್ಲಿನ ಗೋಡೆ, ಗೋಡೆಗೆ ಗೇಟು, ಗೇಟಿಗೆ ಕಾವಲುಗಾರ. ಒಳಗಿರುವುದು ಪ್ರೇಮಾನಂದ ಧಣಿಯ ರೆಸಾರ್ಟು.

ವನಜನ ಜನ ಕೊರಗರು. ಈ ಕರಾವಳಿಯಲ್ಲಿ ಎಲ್ಲರಿಗಿಂತ ಮೊದಲು ಇದ್ದವರು ಎಂದು ಭಾಷಣ ಮಾಡುವವರೆಲ್ಲ ಹೇಳುತ್ತಾರೆ. ಭಾಷಣ ಮುಗಿದು ಊಟಕ್ಕೆ ಕೂರುವಾಗ ಮಾತ್ರ ಕಡೆಯ ಪಂಕ್ತಿ.

ವನಜನ ಮಾವ ಸುಬ್ಬ ಹುಟ್ಟಿದ್ದು ಆ ಹಾಡಿಯಲ್ಲಿ. ಪ್ರೇಮಾನಂದನ ಅಜ್ಜ ಜ್ವರ ಹೊತ್ತುಕೊಂಡು ಊರಿಗೆ ಬಂದಾಗ ಅವನಿಗೆ ಕಾಡುಗೆಣಸು ಬೇಯಿಸಿ ಕೊಟ್ಟವರು ಸುಬ್ಬನ ಹೆತ್ತವರು. ಸಿಹಿನೀರಿನ ಜಾಗ ತೋರಿಸಿದವರೂ ಅವರೇ. ಒಂದು ಗುಡಿಸಲಿಗೆ ಜಾಗ ಸಾಕು ಎಂದ ಮನುಷ್ಯ ಗುಡಿಸಲನ್ನು ಮನೆ ಮಾಡಿದ, ಮನೆಗೆ ಬೇಲಿ ಹಾಕಿದ. ಬೇಲಿ ವರ್ಷವರ್ಷ ಸರಿಯುತ್ತ ಬಂದು ಕೊರಗರನ್ನು ರಸ್ತೆ ಬದಿಯ ಕಾಲೊನಿಗೆ ತಳ್ಳಿತು. ಒಳಗೆ ಉಳಿದದ್ದು ಒಂದು ಕಾಸರ್ಕನ ಮರ, ಅದರ ಬುಡದಲ್ಲಿ ಅವರ ಸತ್ತವರು. ಸುಬ್ಬನ ಹೆಂಡತಿಯೂ ಅಲ್ಲೇ ಮಣ್ಣಾಗಿದ್ದಳು, ಗೋಡೆ ಏಳುವ ಮೊದಲು.

ಒಂದು ದಿನ ಪ್ರೇಮಾನಂದನೇ ಕಾಲೊನಿಗೆ ಬಂದ. ಜೊತೆಗೆ ನಾಟಕದ ಮೇಷ್ಟ್ರು ಯತೀಶ್.

"ಹ್ವಾಯ್ ಸುಬ್ಬ, ನಮ್ಮಜ್ಜನ್ ನೆನಪಿಗೆ ಒಂದ್ ಕಾರ್ಯಕ್ರಮ ಇತ್ತ್. ಅದ್ರಗೆ ಒಂದ್ ಸಣ್ಣ ನಾಟ್ಕ. ನಿಮ್ಮೋರೇ ಆಯ್ಕ್," ಎಂದ ಪ್ರೇಮಾನಂದ.

"ನಾಟ್ಕದಗೆ ನಾವ್ ಎಂತ ಮಾಡೂದ್ ಒಡೆಯರೆ?" ಸುಬ್ಬ ಕೇಳಿದ.

ಯತೀಶ್ ವಿವರಿಸಿದ. "ನೀವ್ ಡೋಲ್ ಬಡೂದ್. ವನಜಕ್ಕ ಒಂದೇ ಮಾತ್ ಹೇಳೂದ್. 'ಈ ಜಾಗವನ್ನು ನಾವೇ ಸಂತೋಷದಿಂದ ಕೊಟ್ಟೆವು' ಅಂದೇಳಿ. ಸೊಪ್ಪಿನ್ ವೇಷ ನಾವೇ ತತ್ತ್."

ವನಜ ಹೆಣೆಯುತ್ತಿದ್ದ ಹೆಡಿಗೆಯಿಂದ ತಲೆಯೆತ್ತಿದಳು. "ನಮ್ಮನಿಯಗೆ ಸೊಪ್ಪ್ ಉಡೋರ್ ಯಾರೂ ಇಲ್ಲ ಮೇಷ್ಟ್ರೆ."

"ವೇಷ ಅಲ್ದಾ ಮರಾಯ್ತಿ," ಎಂದು ನಕ್ಕ ಪ್ರೇಮಾನಂದ. ಆಮೇಲೆ ಬಂದ ಕೆಲಸದ ಮಾತು ತೆಗೆದ. "ಕಾಸರ್ಕನ್ ಮರದ್ ಹತ್ರ ಈಜುಕೊಳ ಮಾಡೂದಿತ್ತ್. ಕಾರ್ಯಕ್ರಮದ್ ಮರುದಿನ ಜೆಸಿಬಿ ಬತ್ತ್. ನೀವ್ ನಾಟ್ಕ ಚಂದ ಮಾಡಿ, ಮರದ್ ವಿಷ್ಯ ಮತ್ತೆ ಕಾಂಬ."

ಅವರ ಕಾರು ತಿರುಗಿ ಹೋಯಿತು. ಸುಬ್ಬ ಗೋಡೆಯಾಚೆಯ ಮರದ ಕಡೆ ನೋಡಿದ. "ಮಾಡುವ ವನಜ. ಒಂದ್ ಮಾತಲ್ದಾ," ಎಂದ. "ನಿನ್ನತ್ತೆ ಅಲ್ಲಿತ್ತ್. ನಂಗೂ ಅಲ್ಲೇ ಮನಿಕಂಬ ಆಸೆ. ಅಗೀದಿದ್ರೆ ಸಾಕ್."

ವನಜ ಬೀಳನ್ನು ಜಗ್ಗಿ ಜಗ್ಗಿ ಬಿಗಿದಳು. ಮಾತಾಡಿದ್ದು ಕುಂದಾಪುರದ ಕಾಲೇಜಿನಲ್ಲಿ ಚರಿತ್ರೆ ಓದುತ್ತಿದ್ದ ಮಗಳು ಶ್ರಾವ್ಯ.

"ಅಜ್ಜ, ಇದೇ ನಾಟ್ಕ ಅಮೆರಿಕದಗೂ ಇತ್ತ್. ಅಲ್ಲಿ ಕಡಲ್ ಕರೆಯಗೆ ವಾಂಪನೋಗ್ ಅಂದೇಳಿ ಒಂದ್ ಜನ. ಮೀನ್ ಹಿಡೂದ್, ಚಿಪ್ಪ್ ಹೆಕ್ಕೂದ್, ಜೋಳ ಬೆಳೂದ್. ಸೂರ್ಯನ್ ಬೆಳ್ಕ್ ಮೊದ್ಲ್ ಬೀಳು ಜಾಗದೋರ್ ಅಂತ್ಲೇ ಅವ್ರ್ ಹೆಸ್ರಿನರ್ಥ ಅಂಬ್ರ್. ಹಡಗ್ ಹತ್ಕಂಡ್ ಬೇರೆ ದೇಶದೋರ್ ಬಂದ್ರ್. ಚಳಿಗೆ, ಹಸಿವಿಗೆ ಸಾಯ್ತಾ ಇದ್ರ್. ಇವ್ರ್ ಜೋಳ ನೆಡೂಕ್ ಕಲ್ಸಿದ್ರ್, ಒಟ್ಟಿಗ್ ಕೂಕಂಡ್ ಉಂಡ್ರ್."

"ನಮ್ಮ್ ಗೆಣಸ್ ಉಂಡಾಂಗೆ," ಎಂದ ಸುಬ್ಬ. "ಮತ್ತೆ?"

"ಮತ್ತೆಂತ. ಜಾಗ ಹೋಯ್ತ್. ಬಂದೋರ್ ಮಕ್ಳ ಕಾಲ್ದಗೆ ಯುದ್ಧ ಆಯ್ತ್. ಇವ್ರ್ ನಾಯಕನ್ ತಲೆ ಕಡ್ದ್ ಕಂಬಕ್ಕೆ ಸಿಕ್ಸಿದ್ರ್. ಎಷ್ಟೋ ಜನ್ರನ್ನ ದನ ಮಾರಿದಾಂಗೆ ಮಾರಿದ್ರ್. ಆದ್ರೆ ಆ ಊಟದ್ ಹೆಸ್ರಗೆ ದೇಶಕ್ಕೆಲ್ಲ ಹಬ್ಬ. ಶಾಲಿ ಮಕ್ಳ್ ತಲಿಗೆ ಗರಿ ಕಟ್ಕಂಡ್ ನಾಟ್ಕ ಮಾಡ್ತ್ರ್."

ವನಜನ ಕೈ ನಿಂತಿತು. "ಅಷ್ಟ್ ದೂರದಗೂ ಇದೇ ಮಾತಾ? ಆ ಜನ ಹಬ್ಬದ್ ದಿನ ಎಂತ ಮಾಡ್ತ್ರ್?"

"ಹಡಗ್ ಬಂದ್ ಊರಗೇ ಒಂದ್ ಗುಡ್ಡಿ ಮೇಲೆ ಸೇರ್ತ್ರ್ ಅಮ್ಮ. ಸತ್ತೋರಿಗ್ ದುಃಖ ಮಾಡ್ತ್ರ್. ನಾವ್ ಮುಗ್ದ್ ಹೋಯ್ಲಿಲ್ಲ, ಇಲ್ಲೇ ಇತ್ತ್ ಅಂದೇಳಿ ಹೇಳ್ತ್ರ್."

ಸುಬ್ಬ ಎದ್ದು ಗೋಡೆಯ ಗೂಟದಿಂದ ಡೋಲು ಇಳಿಸಿದ. ಚರ್ಮದ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. "ಅಡ್ಡಿಲ್ಲ. ನಾವ್ ಹೋಪ," ಎಂದ.

ಕಾರ್ಯಕ್ರಮದ ಸಂಜೆ ರೆಸಾರ್ಟಿನ ಹುಲ್ಲುಹಾಸಿನ ತುಂಬ ಕುರ್ಚಿ, ಕುರ್ಚಿಯ ತುಂಬ ದೂರದೂರಿನ ನೆಂಟರು. ಹಿಂದುಗಡೆ ಪಾತ್ರೆ ತಿಕ್ಕುವವರು, ಎಲೆ ಎತ್ತುವವರು, ಗುಡಿಸುವವರೆಲ್ಲ ಕಾಲೊನಿಯವರೇ. ವನಜ ತನ್ನಲ್ಲಿದ್ದ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು.

"ಕಳ್ಸಿದ್ ಸೊಪ್ಪೆಲ್ಲಿ?" ಯತೀಶ್ ಹಲ್ಲು ಕಚ್ಚಿ ಕೇಳಿದ.

"ಆಡಿಗ್ ಹಾಕ್ದೆ ಮೇಷ್ಟ್ರೆ. ಚಂದ ಮಾಡಿ ತಿಂತ್."

ಅಷ್ಟರಲ್ಲಿ ಧಣಿಯ ಅಜ್ಜನ ವೇಷದವನು ವೇದಿಕೆಗೆ ಬಂದು, ಕಾಡಿನ ಮಕ್ಕಳೇ ನನಗೊಂದು ನೆಲೆ ಕೊಡುವಿರಾ ಎಂದು ಕೈ ಚಾಚಿದ. ಯತೀಶ್ ಬೇರೆ ದಾರಿ ಕಾಣದೆ ವನಜನ ಕೈಗೆ ಮೈಕು ಕೊಟ್ಟ. ಅವಳು ನೆಂಟರ ಕಡೆ ತಿರುಗಿದಳು.

"ನೀರ್ ತೋರ್ಸಿದ್ದ್ ನಾವೇ. ಗೆಣಸ್ ಕೊಟ್ಟದ್ದೂ ನಾವೇ. ಜಾಗ ನಾವ್ ಕೊಟ್ಟದ್ದಲ್ಲ."

ನಾಟಕದಲ್ಲಿ ಹೀಗೇ ಇರಬೇಕೆಂದು ನೆಂಟರು ಚಪ್ಪಾಳೆ ತಟ್ಟಿದರು. ಆಗ ಸುಬ್ಬ ಡೋಲು ಬಾರಿಸಿದ.

ಅದು ಹೊರಡುವ ಪೆಟ್ಟು. ಕಾಲೊನಿಯಲ್ಲಿ ಸಾವಾದರೆ ಬೀಳುವ ಪೆಟ್ಟು. ಕೇಳಿದವರು ಏನು ಮಾಡುತ್ತಿದ್ದರೂ ಅಲ್ಲಿಗೇ ಬಿಟ್ಟು ಬರಬೇಕು, ಕೈ ಒರೆಸಿಕೊಳ್ಳಲೂ ನಿಲ್ಲಬಾರದು. ಸುಬ್ಬ ಇದನ್ನು ಹೆಂಡತಿ ಸತ್ತಾಗ ಬಾರಿಸಿದ್ದ. ಕೊರಗರಲ್ಲದವರಿಗೆ ಇದರ ಗುರುತಿಲ್ಲ. ನೆಂಟರು ತಾಳಕ್ಕೆ ಸರಿಯಾಗಿ ತಲೆದೂಗುತ್ತ ಮೊಬೈಲು ಎತ್ತಿ ಹಿಡಿದರು. ಪ್ರೇಮಾನಂದನೂ ಮುಂದಿನ ಸಾಲಿನಲ್ಲಿ ಕುಳಿತು ತೊಡೆ ತಟ್ಟಿದ.

ಹಿಂದುಗಡೆ ಪಾತ್ರೆಯ ಸದ್ದು ನಿಂತಿತು. ಸಾಬೂನಿನ ನೊರೆ ಮೆತ್ತಿದ ಕೈಗಳಲ್ಲೇ ಹೆಂಗಸರು ಹೊರಗೆ ಬಂದರು. ಗುಡಿಸುತ್ತಿದ್ದವರು ಹಿಡಿಸೂಡಿ ಬಿಟ್ಟರು. ಗೋಡೆಯಾಚೆಗೂ ಪೆಟ್ಟು ಕೇಳಿಸಿತ್ತು. ಕಾಲೊನಿಯ ಗಂಡಸರು, ಹೆಂಗಸರು, ಮಕ್ಕಳು ಗೇಟಿಗೆ ಬಂದರು. ಅಷ್ಟು ಜನರನ್ನು ಕಂಡು ಕಾವಲುಗಾರ ತಾನಾಗಿ ಗೇಟು ತೆಗೆದ. ಸುಬ್ಬ ಬಾರಿಸುತ್ತಲೇ ವೇದಿಕೆ ಇಳಿದು ಕುರ್ಚಿಗಳ ನಡುವೆ ನಡೆದ. ಎಲ್ಲರೂ ಅವನ ಹಿಂದೆ ಕಾಸರ್ಕನ ಮರದ ಕಡೆಗೆ ಹೊರಟರು.

ಇದು ಸಾವಿನ ಪೆಟ್ಟು ಎಂದು ದಾಟಿ ಹೋದ ಹೆಂಗಸೊಬ್ಬಳು ಹೇಳಿದ್ದು ಕೇಳಿ ಪ್ರೇಮಾನಂದ ಓಡಿ ಬಂದ. "ಹ್ವಾಯ್, ಎಂತ ಇದ್? ಯಾರ್ ಸತ್ತದ್?"

"ನಮ್ಮೋರ್. ಎಲ್ಲ ಇಲ್ಲೇ ಮನಿಕಂಡಿದ್ರ್," ಎಂದಳು ವನಜ. "ನಾಟ್ಕ ಮುಗೀತ್ ಪ್ರೇಮಾನಂದರೆ."

ಒಡೆಯರೆ ಎನ್ನಲಿಲ್ಲ. ಅದು ಅವನಿಗೂ ಕೇಳಿಸಿತು, ಕಾಲೊನಿಯವರಿಗೂ ಕೇಳಿಸಿತು.

"ನಾಳೆ ಬೆಳಿಗ್ಗೆ ಜೆಸಿಬಿ ಬತ್ತ್, ಕಾಣಿ ಮತ್ತೆ," ಎಂದು ಅವನು ಗದರಿದ. ಸುಬ್ಬ ಹೆಂಡತಿಯ ಪಕ್ಕದ ನೆಲವನ್ನು ಕೈಯಿಂದ ಸವರಿ, ಡೋಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಒಬ್ಬೊಬ್ಬರಾಗಿ ಎಲ್ಲರೂ ಕುಳಿತರು.

ಬೆಳಿಗ್ಗೆ ಜೆಸಿಬಿ ಬಂತು. ಮರದ ಸುತ್ತ ಅಷ್ಟೂ ಜನ ಹಾಗೇ ಇದ್ದರು. ವನಜ ಅದೇ ಹಾಡಿಯ ಬೀಳು ಕೊಯ್ದು ತಂದು ಹೆಡಿಗೆ ಶುರು ಮಾಡಿದ್ದಳು. ಬೇರೆ ಹೆಂಗಸರ ಕೈಯಲ್ಲೂ ಬೀಳಿತ್ತು. ಚಾಲಕ ಇಂಜಿನ್ ಬಂದ್ ಮಾಡಿ ಇಣುಕಿದ.

"ಅಕ್ಕ, ಎಷ್ಟೊತ್ತ್ ಇಪ್ದ್ ನೀವ್ ಇಲ್ಲಿ?"

"ನಾವ್ ಮೊದ್ಲಿಂದ್ಲೂ ಇಲ್ಲೇ ಇತ್ತ್," ಎಂದಳು ವನಜ, ಹೆಣೆಯುತ್ತಲೇ. "ನೀನ್ ಎಷ್ಟೊತ್ತ್ ಇರ್ತೆ, ಅದನ್ ಹೇಳ್."